ಓದುಗರ ಪ್ರಶ್ನೆ: ಔಷಧಿ ಅಂಗಡಿಯ ಕೂಪನ್, ಪಾಯಿಂಟ್ ಮತ್ತು ಅಸಲು ಬೆಲೆ

ಈ ಬಾರಿ ಬಂದ ಪತ್ರಗಳಲ್ಲಿ ನಾಲ್ಕು, ಔಷಧಿ ಅಂಗಡಿಯ ರಿಯಾಯಿತಿಗೇ ಸಂಬಂಧಿಸಿದವು. ಮೂರು ಅಮೆರಿಕದಿಂದ ಬಂದಿವೆ, ಒಂದು ದಾವಣಗೆರೆಯಿಂದ. ಅವನ್ನೆಲ್ಲ ಒಟ್ಟಿಗೆ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ನಾನು ಹಾಸನದವಳು. ಮಗಳ ಬಾಣಂತನಕ್ಕೆಂದು ನ್ಯೂಜೆರ್ಸಿಯ ಎಡಿಸನ್‌ಗೆ ಬಂದು ಎರಡು ತಿಂಗಳಾಯಿತು. ಮನೆಯ ಹತ್ತಿರದ ಸಿವಿಎಸ್ ಅಂಗಡಿಗೆ ಹೋದಾಗಲೆಲ್ಲ ಬಿಲ್ಲಿನ ಜೊತೆಗೆ ಮೊಳದುದ್ದದ ಕೂಪನ್ ಚೀಟಿ ಬರುತ್ತದೆ. ಅಳಿಯಂದಿರು ಅದನ್ನು ಕಸದ ಬುಟ್ಟಿಗೆ ಹಾಕುತ್ತಾರೆ. ದುಡ್ಡನ್ನೇ ಎಸೆದಂತೆ ಅನ್ನಿಸಿ ನಾನು ಎತ್ತಿಟ್ಟುಕೊಳ್ಳುತ್ತೇನೆ. ಈ ಚೀಟಿಗಳಿಂದ ನಿಜವಾಗಿ ಹಣ ಉಳಿಯುತ್ತದೆಯೇ?
— ಒಬ್ಬ ಅಜ್ಜಿ, ಎಡಿಸನ್

ಉತ್ತರ: ಮೊದಲು ನಿಮ್ಮ ಅಳಿಯಂದಿರ ಪರವಾಗಿ ಒಂದು ಮಾತು. ಆ ಚೀಟಿಯ ಬಹುಪಾಲು ಕಸದ ಬುಟ್ಟಿಗೆ ಹೋಗಬೇಕಾದದ್ದೇ. ಸಿವಿಎಸ್ ಬಿಲ್ಲಿನ ಉದ್ದವನ್ನು ಅಮೆರಿಕದವರೇ ಹಾಸ್ಯ ಮಾಡುತ್ತಾರೆ. ಆದರೆ ಅದರ ನಡುವೆ ಹಣದಷ್ಟೇ ಬೆಲೆಯುಳ್ಳ ಒಂದೋ ಎರಡೋ ತುಂಡುಗಳು ಇರುತ್ತವೆ. ಅವು ಯಾವುವೆಂದು ಗೊತ್ತಾಗಬೇಕಾದರೆ, ಅಂಗಡಿಯವರು ಈ ಕಾಗದವನ್ನೆಲ್ಲ ಏಕೆ ಕೊಡುತ್ತಾರೆ ಎಂಬುದು ತಿಳಿದಿರಬೇಕು.

ನಮ್ಮಲ್ಲಿ ಮಾತ್ರೆಯ ಪಟ್ಟಿಯ ಮೇಲೂ ಶಾಂಪೂ ಬಾಟಲಿಯ ಮೇಲೂ ಗರಿಷ್ಠ ಮಾರಾಟ ಬೆಲೆ ಅಚ್ಚಾಗಿರುತ್ತದೆ, ಅದಕ್ಕಿಂತ ಒಂದು ರೂಪಾಯಿ ಹೆಚ್ಚು ಕೇಳುವ ಹಾಗಿಲ್ಲ. ಅಮೆರಿಕದಲ್ಲಿ ಅಂಥ ಎಂಆರ್‌ಪಿ ಇಲ್ಲ. ಬೆಲೆಯನ್ನು ಅಂಗಡಿಯೇ ಕಟ್ಟುತ್ತದೆ, ಹೀಗಾಗಿ ಒಂದೇ ಟೂತ್‌ಪೇಸ್ಟಿಗೆ ರಸ್ತೆಯ ಈ ಬದಿಯಲ್ಲಿ ಒಂದು ದರ, ಆ ಬದಿಯಲ್ಲಿ ಇನ್ನೊಂದು ದರ ಇರಬಹುದು. ಸಿವಿಎಸ್, ವಾಲ್‌ಗ್ರೀನ್ಸ್‌ನಂಥ ಔಷಧಿ ಅಂಗಡಿಗಳು ಮನೆಯ ಹತ್ತಿರವಿದ್ದು ತಡರಾತ್ರಿಯವರೆಗೂ ತೆರೆದಿರುವ ಅನುಕೂಲವನ್ನೂ ಮಾರುವುದರಿಂದ, ಕಪಾಟಿನ ಮೇಲಿನ ಬೆಲೆಯನ್ನು ದೊಡ್ಡ ಅಂಗಡಿಗಳಿಗಿಂತ ಸಾಮಾನ್ಯವಾಗಿ ಏರಿಸಿಯೇ ಇಟ್ಟಿರುತ್ತವೆ. ಆಮೇಲೆ ಫೋನ್ ನಂಬರ್ ಕೊಟ್ಟವರಿಗೆ, ಕೂಪನ್ ತಂದವರಿಗೆ, ಎರಡೆರಡು ಕೊಂಡವರಿಗೆ ಅದನ್ನು ಇಳಿಸುತ್ತವೆ. ಅವಸರದಲ್ಲಿ ಬಂದವರಿಂದ ಒಂದು ಬೆಲೆ, ಪುರುಸೊತ್ತಿನಿಂದ ಲೆಕ್ಕ ಹಾಕಿ ಬಂದವರಿಂದ ಇನ್ನೊಂದು ಬೆಲೆ ಪಡೆಯುವ ಉಪಾಯವಿದು. ಬಾಣಂತಿ ಮನೆಯಲ್ಲಿ ಪುರುಸೊತ್ತೆಲ್ಲಿ ಎಂದು ನೀವು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ.

ನಿಮ್ಮ ಕೈಗೆ ಬರುವ ಚೀಟಿಗಳಲ್ಲಿ ಮೂರು ಜಾತಿಗಳಿವೆ. ಮೊದಲನೆಯದು ತಯಾರಕರ ಕೂಪನ್. ಅದರ ಮೇಲೆ ‘ಮ್ಯಾನುಫ್ಯಾಕ್ಚರರ್ ಕೂಪನ್’ ಎಂದು ಅಚ್ಚಾಗಿರುತ್ತದೆ. ಅದರ ಹಣವನ್ನು ಕೊಡುವುದು ಸಾಬೂನು ಅಥವಾ ಶಾಂಪೂ ತಯಾರಿಸಿದ ಕಂಪನಿ. ಅಂಗಡಿಯವರು ಆ ಚೀಟಿಯನ್ನು ಕಂಪನಿಗೆ ಕಳುಹಿಸಿ ಅದರ ಮೊತ್ತವನ್ನೂ, ಜೊತೆಗೆ ಸಾಮಾನ್ಯವಾಗಿ 8 ಸೆಂಟ್ ನಿರ್ವಹಣಾ ಶುಲ್ಕವನ್ನೂ ವಸೂಲು ಮಾಡಿಕೊಳ್ಳುತ್ತಾರೆ. ಆದ್ದರಿಂದ ಆ ವಸ್ತುವನ್ನು ಮಾರುವ, ಕೂಪನ್ ಸ್ವೀಕರಿಸುವ ಬೇರೆ ಅಂಗಡಿಯಲ್ಲೂ ಅದು ನಡೆಯುತ್ತದೆ. ಎರಡನೆಯದು ಅಂಗಡಿಯ ಸ್ವಂತ ಕೂಪನ್. ಇದರ ನಷ್ಟ ಅಂಗಡಿಯದೇ, ಹಾಗಾಗಿ ಅದು ಬೇರೆಡೆ ನಡೆಯುವುದಿಲ್ಲ. ಒಂದು ವಸ್ತುವಿನ ಮೇಲೆ ತಯಾರಕರದು ಒಂದು, ಅಂಗಡಿಯದು ಒಂದು, ಹೀಗೆ ಎರಡನ್ನೂ ಒಟ್ಟಿಗೆ ಬಳಸಲು ಸಾಮಾನ್ಯವಾಗಿ ಅವಕಾಶವಿದೆ, ಆದರೆ ತಯಾರಕರ ಕೂಪನ್ ಎರಡನ್ನು ಒಂದೇ ವಸ್ತುವಿಗೆ ಕೊಡುವಂತಿಲ್ಲ. ಮೂರನೆಯದು ಎಕ್ಸ್‌ಟ್ರಾಬಕ್ಸ್. ಇದು ನೀವು ಈಗಾಗಲೇ ಮಾಡಿದ ಖರೀದಿಗೆ ಮುಂದಿನ ಬಾರಿ ಬಳಸುವಂತೆ ಸಿವಿಎಸ್ ಕೊಡುವ ಮರುಪಾವತಿ ಚೀಟಿ. ಎತ್ತಿಡಬೇಕಾದದ್ದು ಮುಖ್ಯವಾಗಿ ಇದನ್ನೇ.

ಒಂದು ಲೆಕ್ಕ ನೋಡೋಣ. ಬೆಲೆಗಳನ್ನು ಲೆಕ್ಕಕ್ಕೆಂದು ನಾನೇ ಇಟ್ಟುಕೊಂಡಿದ್ದೇನೆ. ಔಷಧಿ ಅಂಗಡಿಯಲ್ಲಿ ಒಂದು ಶಾಂಪೂ 8 ಡಾಲರ್, ಎರಡು ಕೊಂಡರೆ 5 ಡಾಲರಿನ ಎಕ್ಸ್‌ಟ್ರಾಬಕ್ಸ್. ನಿಮ್ಮ ಬಳಿ ಎರಡು ಬಾಟಲಿಗೆ 3 ಡಾಲರ್ ಕಡಿತದ ತಯಾರಕರ ಕೂಪನ್ ಇದೆ. 16ರಲ್ಲಿ 3 ಕಳೆದರೆ 13. ಇಲ್ಲಿ ಮಾರಾಟ ತೆರಿಗೆ ಬರುತ್ತದೆ. ನ್ಯೂಜೆರ್ಸಿಯ ದರ ಶೇಕಡಾ 6.625. ತಯಾರಕರ ಕೂಪನ್ನಿನ ಹಣ ಅಂಗಡಿಗೆ ಹೇಗೂ ಸಂದಾಯವಾಗುವುದರಿಂದ ತೆರಿಗೆಯನ್ನು ಪೂರ್ತಿ 16 ಡಾಲರಿನ ಮೇಲೆಯೇ ಹಾಕುತ್ತಾರೆ, ಅದು 1 ಡಾಲರ್ 6 ಸೆಂಟ್. ಅಂಗಡಿಯ ಸ್ವಂತ ಕೂಪನ್ ಆಗಿದ್ದರೆ ಇಳಿದ ಬೆಲೆಯ ಮೇಲಷ್ಟೇ ತೆರಿಗೆ ಬೀಳುತ್ತಿತ್ತು. ಒಟ್ಟು ನೀವು ಕೊಟ್ಟದ್ದು 14 ಡಾಲರ್ 6 ಸೆಂಟ್, ಕೈಗೆ ಬಂದದ್ದು 5 ಡಾಲರಿನ ಚೀಟಿ, ಅಂದರೆ ಎರಡು ಬಾಟಲಿಗೆ ಬಿದ್ದದ್ದು 9 ಡಾಲರ್ 6 ಸೆಂಟ್. ಅದೇ ಶಾಂಪೂ ದೊಡ್ಡ ಅಂಗಡಿಯಲ್ಲಿ 5 ಡಾಲರಿಗೆ ಸಿಗುತ್ತಿದ್ದರೆ, ಅದೇ 3 ಡಾಲರಿನ ಕೂಪನ್ನನ್ನು ಅಲ್ಲಿ ಕೊಟ್ಟು, ತೆರಿಗೆ ಸೇರಿಸಿ, 7 ಡಾಲರ್ 66 ಸೆಂಟಿಗೆ ಎರಡನ್ನೂ ತರಬಹುದಿತ್ತು. ಎಂಟು ಡಾಲರ್ ಉಳಿಸಿದೆನೆಂದು ಹಿಗ್ಗುತ್ತ ಮನೆಗೆ ಬಂದವರು ವಾಸ್ತವದಲ್ಲಿ 1 ಡಾಲರ್ 40 ಸೆಂಟ್ ಹೆಚ್ಚು ಕೊಟ್ಟಿರುತ್ತಾರೆ, ಮೇಲಾಗಿ ಅವರ 5 ಡಾಲರ್ ಇನ್ನೂ ಅಂಗಡಿಯ ವಶದಲ್ಲೇ ಇರುತ್ತದೆ.

ಎಕ್ಸ್‌ಟ್ರಾಬಕ್ಸ್‌ನ ತೊಡಕು ಅದರ ಗಡುವಿನಲ್ಲಿದೆ. ಚೀಟಿಯ ಮೇಲೆ ಮುಗಿಯುವ ದಿನಾಂಕ ಸಣ್ಣ ಅಕ್ಷರದಲ್ಲಿರುತ್ತದೆ, ಅದು ಬಹಳ ದೂರದ ದಿನವೇನೂ ಆಗಿರುವುದಿಲ್ಲ. 5 ಡಾಲರಿನ ಚೀಟಿಗೆ 4 ಡಾಲರಿನ ಸಾಮಾನು ಕೊಂಡರೆ ಉಳಿದ ಒಂದು ಡಾಲರನ್ನು ಚಿಲ್ಲರೆಯಾಗಿ ಹಿಂದಿರುಗಿಸುವುದಿಲ್ಲ. ವೈದ್ಯರು ಬರೆದುಕೊಟ್ಟ ಔಷಧಿಗೂ ಅದು ನಡೆಯುವುದಿಲ್ಲ. ನಾನೊಮ್ಮೆ ನನ್ನ ತಂಗಿಯ ಮನೆಗೆ ಹೋಗಿದ್ದಾಗ ಅಲ್ಲಿನ ಒಂದು ಅಂಗಡಿಯ ಇಂಥದೇ 6 ಡಾಲರಿನ ಚೀಟಿಯನ್ನು ಪರ್ಸಿನಲ್ಲಿ ಜೋಪಾನವಾಗಿ ಮಡಿಚಿಟ್ಟುಕೊಂಡು, ಊರಿಗೆ ಹೊರಡುವ ಹಿಂದಿನ ದಿನ ಕೌಂಟರಿನಲ್ಲಿ ಬಿಚ್ಚಿ ಕೊಟ್ಟೆ. ಆ ಹುಡುಗಿ ದಿನಾಂಕದ ಮೇಲೆ ಬೆರಳಿಟ್ಟು ತೋರಿಸಿದಳು. ಮೂರು ದಿನ ಕಳೆದಿತ್ತು. ಅಂದಿನಿಂದ ಅಂಥ ಚೀಟಿ ಬಂದರೆ ಫ್ರಿಜ್ಜಿನ ಬಾಗಿಲಿಗೆ, ದಿನಾಂಕ ಹೊರಗೆ ಕಾಣುವಂತೆ, ಅಯಸ್ಕಾಂತದಲ್ಲಿ ಸಿಕ್ಕಿಸುತ್ತೇವೆ. ಮಗಳ ಫೋನಿನ ಆ್ಯಪ್‌ನಲ್ಲಿ ಕೂಪನ್‌ಗಳನ್ನು ಮೊದಲೇ ಒತ್ತಿ ಖಾತೆಗೆ ಸೇರಿಸಿಕೊಂಡರೆ ಕೌಂಟರಿನಲ್ಲಿ ಅವಳ ಫೋನ್ ನಂಬರ್ ಹೇಳಿದರೆ ಸಾಕಾಗುತ್ತದೆ, ಕಾಗದದ ಕಾಟವೂ ತಪ್ಪುತ್ತದೆ. ಬಿಲ್ಲನ್ನು ಕಾಗದದ ಬದಲು ಆ್ಯಪ್‌ಗೇ ತರಿಸಿಕೊಳ್ಳುವ ಆಯ್ಕೆಯೂ ಇದೆ.

ಕೂಪನ್ನಿಗಿಂತ ಹೆಚ್ಚು ಉಳಿಸುವ ಒಂದು ದಾರಿ ಅದೇ ಕಪಾಟಿನಲ್ಲಿದೆ. ಊರಿನಲ್ಲಿ ಜ್ವರಕ್ಕೆ ನಾವು ನುಂಗುವ ಪ್ಯಾರಾಸಿಟಮಾಲ್ ಅಮೆರಿಕದಲ್ಲಿ ಅಸಿಟಮಿನೋಫೆನ್ ಎಂಬ ಹೆಸರಿನಲ್ಲಿರುತ್ತದೆ, ಅದರ ಪ್ರಸಿದ್ಧ ಬ್ರ್ಯಾಂಡ್ ಟೈಲೆನಾಲ್. ಅದರ ಪಕ್ಕದಲ್ಲೇ ಅಂಗಡಿಯ ಸ್ವಂತ ಹೆಸರಿನ ಡಬ್ಬಿ ಇದ್ದು, ಅದರ ಮೇಲೆ ‘ಕಂಪೇರ್ ಟು’ ಎಂದು ಟೈಲೆನಾಲ್‌ನ ಹೆಸರನ್ನೇ ಬರೆದಿರುತ್ತಾರೆ. ಹಿಂಬದಿಯ ಪಟ್ಟಿಯಲ್ಲಿ ಔಷಧಾಂಶವೂ ಮಿಲಿಗ್ರಾಂ ಪ್ರಮಾಣವೂ ಒಂದೇ ಆಗಿದ್ದರೆ, ಹೆಸರಿಗಾಗಿ ಹೆಚ್ಚು ಕೊಡಬೇಕಾಗಿಲ್ಲ. ಬ್ರ್ಯಾಂಡಿನ ಡಬ್ಬಿಗೆ ಒಂದು ಡಾಲರಿನ ಕೂಪನ್ ಇದ್ದರೂ ಅಂಗಡಿಯ ಡಬ್ಬಿಯೇ ಅಗ್ಗವಾಗಿರುವುದು ಹೆಚ್ಚು. ಡಬ್ಬಿಯ ಬೆಲೆಯನ್ನು ಮಾತ್ರೆಗಳ ಸಂಖ್ಯೆಯಿಂದ ಭಾಗಿಸಿ ನೋಡಿರಿ. ಒಂದು ಎಚ್ಚರಿಕೆ: ನಮ್ಮ ಬೆಂಗಳೂರಿನ ಮೈಕ್ರೋ ಲ್ಯಾಬ್ಸ್‌ನ ಡೋಲೊ 650 ರೂಢಿಯಾದವರು ಅಲ್ಲಿ 650 ಎಂಬ ಅಂಕಿ ಕಂಡ ಕೂಡಲೇ ಅದೇ ಇದು ಎಂದು ತೆಗೆದುಕೊಳ್ಳುತ್ತಾರೆ. ಅಲ್ಲಿನ 650 ಮಿಲಿಗ್ರಾಂ ಮಾತ್ರೆ ಸಾಮಾನ್ಯವಾಗಿ ಎಂಟು ಗಂಟೆ ನಿಧಾನವಾಗಿ ಕರಗುವ ಬಗೆಯದು, ತೆಗೆದುಕೊಳ್ಳುವ ಅಂತರ ಬೇರೆ. ಕೌಂಟರಿನ ಹಿಂದಿರುವ ಫಾರ್ಮಸಿಸ್ಟರನ್ನು ಕೇಳಿದರೆ ಹೇಳುತ್ತಾರೆ, ಅದಕ್ಕೆ ಶುಲ್ಕವಿಲ್ಲ. ನ್ಯೂಜೆರ್ಸಿಯಲ್ಲಿ ಇಂಥ ಮಾತ್ರೆಗಳಿಗೆ ಮಾರಾಟ ತೆರಿಗೆಯೂ ಇಲ್ಲ, ಟೂತ್‌ಪೇಸ್ಟ್, ಶಾಂಪೂಗಳಿಗೆ ಮಾತ್ರ ಇದೆ.

ಪ್ರಶ್ನೆ: ಧಾರವಾಡದಿಂದ ಅಪ್ಪಾಜಿ ಆರು ತಿಂಗಳಿಗೆಂದು ನಮ್ಮಲ್ಲಿಗೆ, ಟೆಕ್ಸಸ್‌ನ ಫ್ರಿಸ್ಕೊಗೆ ಬಂದಿದ್ದಾರೆ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಾರೆ. ತಂದ ಮಾತ್ರೆ ಮುಗಿಯುತ್ತ ಬಂತು. ಪ್ರವಾಸಿ ವಿಮೆ ಹಳೆಯ ಕಾಯಿಲೆಗೆ ಅನ್ವಯಿಸುವುದಿಲ್ಲ. ಗುಡ್‌ಆರ್‌ಎಕ್ಸ್ ಎಂಬ ಉಚಿತ ಕೂಪನ್ ತೋರಿಸಿದರೆ ಬೆಲೆ ಇಳಿಯುತ್ತದೆ ಎಂದು ಸ್ನೇಹಿತರು ಹೇಳಿದರು. ನಂಬಬಹುದೇ?
— ಒಬ್ಬ ಮಗ, ಫ್ರಿಸ್ಕೊ

ಉತ್ತರ: ನಂಬಬಹುದು. ಆದರೆ ಕೂಪನ್ನಿಗಿಂತ ಮೊದಲು ಚೀಟಿಯ ಮಾತು. ಮೆಟ್‌ಫಾರ್ಮಿನ್ ಅಲ್ಲಿ ವೈದ್ಯರ ಚೀಟಿಯಿಲ್ಲದೆ ಸಿಗುವುದಿಲ್ಲ, ಧಾರವಾಡದ ವೈದ್ಯರ ಚೀಟಿ ಅಲ್ಲಿ ನಡೆಯುವುದೂ ಇಲ್ಲ. ಸ್ಥಳೀಯ ವೈದ್ಯರನ್ನೋ ಕ್ಲಿನಿಕ್ಕನ್ನೋ ಒಮ್ಮೆ ಕಾಣಲೇಬೇಕು. ಈ ಔಷಧಿಯ ಮಟ್ಟಿಗೆ ದೊಡ್ಡ ಖರ್ಚು ಅದೇ, ಮಾತ್ರೆಯದಲ್ಲ. ಹೋಗುವಾಗ ಊರಿನ ಚೀಟಿ, ರಕ್ತ ಪರೀಕ್ಷೆಯ ವರದಿ ಜೊತೆಗಿರಲಿ. ಒಂದೇ ಭೇಟಿಯಲ್ಲಿ 90 ದಿನಗಳಿಗೆ ಬರೆದುಕೊಡಿರೆಂದು ಕೇಳಿರಿ.

ಗುಡ್‌ಆರ್‌ಎಕ್ಸ್ 2011ರಲ್ಲಿ ಆರಂಭವಾದ ಸಂಸ್ಥೆ. ಅಮೆರಿಕದ ಔಷಧಿ ಅಂಗಡಿಗಳು ವಿಮೆಯಿಲ್ಲದವರಿಗೆ ಹೇಳುವ ಬೆಲೆ ಬಹಳ ಎತ್ತರದ್ದು. ವಿಮಾ ಕಂಪನಿಗಳ ಪರವಾಗಿ ಔಷಧಿಯ ದರ ಚೌಕಾಸಿ ಮಾಡುವ ಮಧ್ಯವರ್ತಿ ಸಂಸ್ಥೆಗಳಿಗೆ ಅದೇ ಮಾತ್ರೆ ಬೇರೆಯೇ ದರದಲ್ಲಿ ಸಿಗುತ್ತದೆ. ಇಂಥ ಕೂಪನ್ ತೋರಿಸಿದಾಗ ಆ ಚೌಕಾಸಿಯ ದರ ನಿಮಗೂ ಅನ್ವಯವಾಗುತ್ತದೆ, ಅಂಗಡಿ ಮಧ್ಯವರ್ತಿಗೆ ಶುಲ್ಕ ಕೊಡುತ್ತದೆ, ಅದರಲ್ಲೊಂದು ಪಾಲು ಕೂಪನ್ ಸಂಸ್ಥೆಗೆ ಹೋಗುತ್ತದೆ. ಪ್ರತಿ ಅಂಗಡಿಗೂ ದರ ಬೇರೆಯಿರುವುದರಿಂದ, ವೈದ್ಯರು ಚೀಟಿಯನ್ನು ಅಂಗಡಿಗೆ ಕಳುಹಿಸುವ ಮೊದಲೇ ನಿಮ್ಮ ಪಿನ್‌ಕೋಡ್ ಹಾಕಿ ದರಗಳನ್ನು ಹೋಲಿಸಿ ಅಂಗಡಿಯನ್ನು ಆರಿಸಿಕೊಳ್ಳಬೇಕು. ಹೆಚ್ಚಿನವರು ತಪ್ಪುವುದು ಇಲ್ಲಿಯೇ. ಎಂದಿನ ಅಂಗಡಿಯ ಹೆಸರು ಹೇಳಿಬಿಟ್ಟು ಆಮೇಲೆ ಕೂಪನ್ ಹುಡುಕುತ್ತಾರೆ.

ಮೆಟ್‌ಫಾರ್ಮಿನ್‌ಗೆ ಕೂಪನ್ ಬೇಕಾಗದೆಯೂ ಇರಬಹುದು. ವಾಲ್‌ಮಾರ್ಟ್ 2006ರಲ್ಲಿ ಫ್ಲಾರಿಡಾದ ಟ್ಯಾಂಪಾದಲ್ಲಿ ಆರಂಭಿಸಿದ ಯೋಜನೆಯಲ್ಲಿ ಕೆಲವು ಜೆನೆರಿಕ್, ಅಂದರೆ ಬ್ರ್ಯಾಂಡ್ ಹೆಸರಿಲ್ಲದೆ ಔಷಧಾಂಶದ ಹೆಸರಿನಲ್ಲೇ ಮಾರುವ, ಔಷಧಿಗಳನ್ನು ತಿಂಗಳಿಗೆ 4 ಡಾಲರಿನ ದರದಲ್ಲಿ ಕೊಡತೊಡಗಿತು. ಆ ಪಟ್ಟಿಯಲ್ಲಿ ಮೆಟ್‌ಫಾರ್ಮಿನ್ ಇದೆ. ನಿಮ್ಮ ಅಪ್ಪಾಜಿಯ ಪ್ರಮಾಣ ಅದರಲ್ಲಿದೆಯೇ ಎಂದು ಕೇಳಿಕೊಳ್ಳಿರಿ. ಸದಸ್ಯರಿಗಷ್ಟೇ ಮಾರುವ ಕಾಸ್ಟ್‌ಕೋ ಅಂಗಡಿಯ ಔಷಧಿ ವಿಭಾಗದಲ್ಲಿ ವೈದ್ಯರು ಬರೆದ ಔಷಧಿ ಕೊಳ್ಳಲು ಸದಸ್ಯತ್ವ ಬೇಕಿಲ್ಲ ಎಂಬುದೂ ಅನೇಕರಿಗೆ ತಿಳಿದಿಲ್ಲ. ಬಾಗಿಲಲ್ಲಿ ಕಾರ್ಡ್ ಕೇಳಿದರೆ ಫಾರ್ಮಸಿಗೆ ಎಂದು ಹೇಳಿದರಾಯಿತು.

ನಿಮ್ಮದೇ ಔಷಧಿಗೆ ಇದನ್ನು ಬಳಸುವ ಯೋಚನೆಯಿದ್ದರೆ, ಈ ಕೂಪನ್ನನ್ನೂ ಆರೋಗ್ಯ ವಿಮೆಯನ್ನೂ ಒಂದೇ ಖರೀದಿಗೆ ಸೇರಿಸಲಾಗುವುದಿಲ್ಲ, ಕೂಪನ್ನಿನಲ್ಲಿ ಕೊಟ್ಟ ಹಣ ಸಾಮಾನ್ಯವಾಗಿ ವಿಮೆಯ ಡಿಡಕ್ಟಿಬಲ್ (ವಿಮೆ ಹಣ ಕೊಡತೊಡಗುವ ಮೊದಲು ನೀವೇ ಭರಿಸಬೇಕಾದ ಮೊತ್ತ) ಲೆಕ್ಕಕ್ಕೆ ಸೇರುವುದೂ ಇಲ್ಲ. ಇನ್ನು, ಉಚಿತವೆಂದರೆ ಯಾರೋ ಎಲ್ಲೋ ಬೆಲೆ ತೆತ್ತಿರುತ್ತಾರೆ. ಬಳಕೆದಾರರ ಆರೋಗ್ಯದ ಮಾಹಿತಿಯನ್ನು ಫೇಸ್‌ಬುಕ್, ಗೂಗಲ್ ಮುಂತಾದವರೊಂದಿಗೆ ಹಂಚಿಕೊಂಡಿತೆಂಬ ಆರೋಪದ ಮೇಲೆ ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 2023ರಲ್ಲಿ ಗುಡ್‌ಆರ್‌ಎಕ್ಸ್ ವಿರುದ್ಧ ಕ್ರಮ ಜರುಗಿಸಿತು. ಸಂಸ್ಥೆ 15 ಲಕ್ಷ ಡಾಲರ್ ದಂಡ ಕಟ್ಟಲು ಒಪ್ಪಿತು. ಕೂಪನ್ನಿನ ಸಂಕೇತ ಸಂಖ್ಯೆಯನ್ನು ಬರೆದುಕೊಂಡು ಹೋಗಿ ಫಾರ್ಮಸಿಸ್ಟರಿಗೆ ತೋರಿಸಿದರೂ ಕೆಲಸವಾಗುತ್ತದೆ. ನಾನಾದರೆ ಅದಕ್ಕಾಗಿ ಖಾತೆ ತೆರೆಯುವ ಗೋಜಿಗೆ ಹೋಗುವುದಿಲ್ಲ.

ಪ್ರಶ್ನೆ: ಫಿಲಡೆಲ್ಫಿಯಾದಲ್ಲಿ ಎಂಎಸ್ ಓದುತ್ತಿದ್ದೇನೆ. ರೈಟ್ ಏಡ್ ಅಂಗಡಿಯಲ್ಲಿ ಕೂಡಿಟ್ಟಿದ್ದ ನನ್ನ ಪಾಯಿಂಟ್‌ಗಳು ಅಂಗಡಿಯೇ ಮುಚ್ಚಿದ್ದರಿಂದ ಹಾಳಾದವು. ಈಗ ಜಾಲತಾಣವೊಂದರಲ್ಲಿ ಅರ್ಧ ಬೆಲೆಗೆ ಕೂಪನ್‌ಗಳನ್ನು ಮಾರುತ್ತಿದ್ದಾರೆ. ಕೊಳ್ಳಬಹುದೇ?
— ಒಬ್ಬ ವಿದ್ಯಾರ್ಥಿ

ಉತ್ತರ: ಕೊಳ್ಳಬೇಡಿ. ತಯಾರಕರ ಕೂಪನ್ನುಗಳನ್ನು ಮಾರುವುದೂ ವರ್ಗಾಯಿಸುವುದೂ ಅವುಗಳ ಮೇಲೆ ಅಚ್ಚಾದ ಷರತ್ತಿಗೇ ವಿರುದ್ಧ, ಹಾಗೆ ಮಾರುವವುಗಳಲ್ಲಿ ನಕಲಿಯೂ ಸೇರಿರುತ್ತವೆ. ವರ್ಜೀನಿಯಾ ಬೀಚ್‌ನ ಮಹಿಳೆಯೊಬ್ಬರು ಮನೆಯ ಕಂಪ್ಯೂಟರಿನಲ್ಲೇ ಕೂಪನ್‌ಗಳನ್ನು ತಯಾರಿಸಿ ಹಂಚಿ, ಅಂಗಡಿಗಳಿಗೂ ಕಂಪನಿಗಳಿಗೂ 3 ಕೋಟಿ ಡಾಲರಿಗೂ ಮೀರಿದ ನಷ್ಟ ಮಾಡಿದ ಪ್ರಕರಣದಲ್ಲಿ ಅವರಿಗೆ 2021ರಲ್ಲಿ 12 ವರ್ಷಗಳ ಸೆರೆವಾಸವಾಯಿತು. ವಿದ್ಯಾರ್ಥಿ ವೀಸಾದ ಮೇಲಿರುವವರು ಎರಡು ಡಾಲರಿನ ಆಸೆಗೆ ಇಂಥದರ ಹತ್ತಿರವೂ ಸುಳಿಯಬಾರದು.

ಪಾಯಿಂಟ್‌ಗಳ ಬಗ್ಗೆ ನಿಮ್ಮ ಸಂಕಟ ನ್ಯಾಯವಾದದ್ದೇ. ಪೆನ್ಸಿಲ್ವೇನಿಯಾದ ಸ್ಕ್ರಾಂಟನ್‌ನಲ್ಲಿ 1962ರಲ್ಲಿ ಹುಟ್ಟಿದ ರೈಟ್ ಏಡ್ 2023ರ ಅಕ್ಟೋಬರ್‌ನಲ್ಲಿ ಒಮ್ಮೆ, 2025ರ ಮೇ ತಿಂಗಳಲ್ಲಿ ಮತ್ತೊಮ್ಮೆ ದಿವಾಳಿ ಅರ್ಜಿ ಹಾಕಿತು. ಎರಡನೆಯ ಬಾರಿ ಮೊದಲು ಹೊಸ ಪಾಯಿಂಟ್ ಕೊಡುವುದು ನಿಂತಿತು, ಜೂನ್ ಆರಂಭದಲ್ಲಿ ಗಿಫ್ಟ್ ಕಾರ್ಡ್ ಸ್ವೀಕರಿಸುವುದೂ ನಿಂತಿತು, ಅಕ್ಟೋಬರ್ ಹೊತ್ತಿಗೆ ಉಳಿದ ಅಂಗಡಿಗಳೆಲ್ಲ ಬಾಗಿಲು ಹಾಕಿದವು. ಪಾಯಿಂಟ್ ಬ್ಯಾಂಕಿನ ಠೇವಣಿಯಲ್ಲ, ಅಂಗಡಿಯವರ ಬಾಯಿಮಾತಿಗಿಂತ ಸ್ವಲ್ಪ ಗಟ್ಟಿಯಾದದ್ದು, ಅಷ್ಟೆ. ಅಂಗಡಿ ಚೆನ್ನಾಗಿ ನಡೆಯುತ್ತಿರುವಾಗಲೂ ನಿಯಮ ಬದಲಾಗುತ್ತದೆ. ವಾಲ್‌ಗ್ರೀನ್ಸ್ ತನ್ನ ಹಳೆಯ ಪಾಯಿಂಟ್ ಯೋಜನೆಯನ್ನು ಬಿಟ್ಟು 2020ರ ನವೆಂಬರ್‌ನಲ್ಲಿ ಮೈವಾಲ್‌ಗ್ರೀನ್ಸ್ ತಂದಾಗ ಸಾಮಾನ್ಯ ಖರೀದಿಗೆ ಶೇಕಡಾ 1, ತನ್ನದೇ ಬ್ರ್ಯಾಂಡಿನ ವಸ್ತುಗಳಿಗೆ ಶೇಕಡಾ 5 ಮರಳಿಸುವುದಾಗಿ ಹೇಳಿತು. ಶೇಕಡಾ 1 ಎಂದರೆ ನೂರು ಡಾಲರಿಗೆ ಒಂದು ಡಾಲರ್. ಅದಕ್ಕಾಗಿ ಅಂಗಡಿ ಬದಲಿಸಬೇಕಾಗಿಲ್ಲ. ಬಂದದ್ದನ್ನು ಬಂದ ಹಾಗೆ ಖರ್ಚು ಮಾಡಿಬಿಡಿ.

ಪ್ರಶ್ನೆ: ನನಗೆ ರಕ್ತದೊತ್ತಡ, ನಮ್ಮ ಮನೆಯವರಿಗೆ ಥೈರಾಯ್ಡ್. ತಿಂಗಳ ಮಾತ್ರೆಗೆ ಒಂದು ಸರಣಿ ಮೆಡಿಕಲ್ ಶಾಪಿನಲ್ಲಿ ಶೇಕಡಾ 15ರಿಂದ 20 ರಿಯಾಯಿತಿಯ ಮೇಲೆ ಪಾಯಿಂಟನ್ನೂ ಕೊಡುತ್ತಾರೆ. ನಮ್ಮ ಬೀದಿಯ ಅಂಗಡಿಯವರು ಏನೂ ಬಿಡುವುದಿಲ್ಲ. ಸರಣಿ ಅಂಗಡಿಯವರಿಗೆ ಇದು ಹೇಗೆ ಸಾಧ್ಯ? ಔಷಧಿ ಅಸಲಿಯೋ ಎಂಬ ಅನುಮಾನ.
— ನಿವೃತ್ತ ಶಿಕ್ಷಕರು, ದಾವಣಗೆರೆ

ಉತ್ತರ: ಸರ್, ರಿಯಾಯಿತಿ ಕೊಟ್ಟ ಮಾತ್ರಕ್ಕೆ ಔಷಧಿ ನಕಲಿ ಎನ್ನಲಾಗದು. ಬೆಲೆ ನಿಯಂತ್ರಣಕ್ಕೆ ಒಳಪಡದ ಔಷಧಿಗಳಲ್ಲಿ ಚಿಲ್ಲರೆ ಅಂಗಡಿಗೆ ಶೇಕಡಾ 20ರಷ್ಟು, ಸಗಟು ವ್ಯಾಪಾರಿಗೆ ಶೇಕಡಾ 10ರಷ್ಟು ಲಾಭಾಂಶ ರೂಢಿಯಲ್ಲಿದೆ. ನೂರಾರು ಮಳಿಗೆಗಳಿಗೆ ಒಟ್ಟಿಗೆ ಕೊಳ್ಳುವ ಸರಣಿ ಅಂಗಡಿಗೆ ಈ ಎರಡೂ ಸಿಗುವುದರಿಂದ ಅದರಲ್ಲೊಂದು ಪಾಲನ್ನು ಬಿಟ್ಟುಕೊಡುತ್ತದೆ. ನಿಮ್ಮ ಬೀದಿಯವರಿಗೆ ಆ ಅವಕಾಶವಿಲ್ಲ, ಅವರದು ಜಿಪುಣತನವೆಂದು ತಿಳಿಯಬೇಕಾಗಿಲ್ಲ. ಬಿಲ್ಲಿನಲ್ಲಿ ಬ್ಯಾಚ್ ಸಂಖ್ಯೆ ಇದೆಯೇ, ಅದು ಮಾತ್ರೆಯ ಪಟ್ಟಿಯ ಮೇಲಿನದಕ್ಕೆ ತಾಳೆಯಾಗುತ್ತದೆಯೇ ಎಂದು ನೋಡಿಕೊಳ್ಳಿ.

ಅನುಮಾನ ಬೇಕಾದದ್ದು ಬೇರೆ ಕಡೆ. ಅಗತ್ಯ ಔಷಧಿಗಳ ಪಟ್ಟಿಯಲ್ಲಿರುವವುಗಳಿಗೆ 2013ರ ಔಷಧ ಬೆಲೆ ನಿಯಂತ್ರಣ ಆದೇಶದಂತೆ ರಾಷ್ಟ್ರೀಯ ಔಷಧ ಬೆಲೆ ಪ್ರಾಧಿಕಾರ ಗರಿಷ್ಠ ದರ ಗೊತ್ತುಮಾಡುತ್ತದೆ. ಮಾರುಕಟ್ಟೆಯಲ್ಲಿ ಶೇಕಡಾ 1ಕ್ಕಿಂತ ಕಡಿಮೆಯಿಲ್ಲದ ಪಾಲುಳ್ಳ ಬ್ರ್ಯಾಂಡುಗಳ ದರದ ಸರಾಸರಿ ತೆಗೆದು, ಅದಕ್ಕೆ ಅಂಗಡಿಯ ಶೇಕಡಾ 16 ಲಾಭ ಸೇರಿಸುವುದು ಅದರ ಕ್ರಮ. ಪಟ್ಟಿಯ ಹೊರಗಿನ ಔಷಧಿಗೆ ಕಂಪನಿ ತನಗೆ ತೋಚಿದ ಎಂಆರ್‌ಪಿ ಇಡಬಹುದು, ಅದನ್ನು ವರ್ಷಕ್ಕೆ ಶೇಕಡಾ 10ಕ್ಕಿಂತ ಹೆಚ್ಚು ಏರಿಸಬಾರದೆಂಬುದಷ್ಟೇ ಕಟ್ಟುಪಾಡು. ಹೀಗಾಗಿ ಮೊದಲೇ ಉಬ್ಬಿಸಿದ ಎಂಆರ್‌ಪಿಯ ಮೇಲೆ ಶೇಕಡಾ 40, 50 ಬಿಡುವ ಮಾತ್ರೆಗಳೂ ಇವೆ. ‘ಎಷ್ಟು ಬಿಡುತ್ತೀರಿ’ ಎಂದು ಕೇಳುವುದನ್ನು ಬಿಟ್ಟು ‘ಒಂದು ಮಾತ್ರೆಗೆ ಎಷ್ಟು ಬಿತ್ತು’ ಎಂದು ಲೆಕ್ಕ ಹಾಕಿರಿ. 2025ರ ಸೆಪ್ಟೆಂಬರ್ 22ರಿಂದ ಹೆಚ್ಚಿನ ಔಷಧಿಗಳ ಜಿಎಸ್‌ಟಿ ಶೇಕಡಾ 12ರಿಂದ 5ಕ್ಕೆ ಇಳಿದಿರುವುದರಿಂದ, ಅದಕ್ಕೂ ಹಿಂದಿನ ಒಂದು ಬಿಲ್ ನಿಮ್ಮಲ್ಲಿದ್ದರೆ ಹೋಲಿಸಿ ನೋಡಿರಿ. ಅಂಗಡಿಯ ರಿಯಾಯಿತಿ ಎಂದುಕೊಂಡದ್ದರಲ್ಲಿ ಸ್ವಲ್ಪ ಭಾಗ ತೆರಿಗೆ ಇಳಿದದ್ದೇ ಆಗಿರಬಹುದು.

ರಕ್ತದೊತ್ತಡದ ಮಾತ್ರೆಗೆ 2008ರಲ್ಲಿ ಆರಂಭವಾದ ಜನೌಷಧಿ ಯೋಜನೆಯ ಕೇಂದ್ರದಲ್ಲಿ ಒಮ್ಮೆ ವಿಚಾರಿಸಿ. ಅಲ್ಲಿ ಪಾಯಿಂಟೂ ಇಲ್ಲ, ಕೂಪನ್ನೂ ಇಲ್ಲ, ಆದರೆ ಬ್ರ್ಯಾಂಡಿನ ಮಾತ್ರೆಗಳಿಗಿಂತ ಶೇಕಡಾ 50ರಿಂದ 80ರಷ್ಟು ಕಡಿಮೆ ದರವೆಂದು ಸರ್ಕಾರ ಹೇಳುತ್ತದೆ. ಜನೌಷಧಿ ಸುಗಮ್ ಎಂಬ ಆ್ಯಪ್‌ನಲ್ಲಿ ಹತ್ತಿರದ ಕೇಂದ್ರವನ್ನೂ ದರವನ್ನೂ ಹುಡುಕಬಹುದು. ಹೋಗುವಾಗ ನಿಮ್ಮ ಈಗಿನ ಮಾತ್ರೆಯ ಖಾಲಿ ಪಟ್ಟಿ ಕೈಯಲ್ಲಿರಲಿ. ಬ್ರ್ಯಾಂಡ್ ಹೆಸರಿನ ಕೆಳಗೆ ಸಣ್ಣಕ್ಷರದಲ್ಲಿರುವ ಔಷಧಾಂಶದ ಹೆಸರು, ಮಿಲಿಗ್ರಾಂ, ಹೆಸರಿನ ಮುಂದೆ ನಿಧಾನವಾಗಿ ಕರಗುವ ಬಗೆಯೆಂದು ತಿಳಿಸುವ ಎಸ್‌ಆರ್ ಅಥವಾ ಎಕ್ಸ್‌ಎಲ್ ಎಂಬ ಅಕ್ಷರಗಳಿದ್ದರೆ ಅವೂ, ಎಲ್ಲವೂ ತಾಳೆಯಾಗಬೇಕು. ಬದಲಿಸುವ ಮುನ್ನ ನಿಮ್ಮ ವೈದ್ಯರಿಗೆ ತಿಳಿಸಿ. ಥೈರಾಯ್ಡಿನ ಮಾತ್ರೆಯನ್ನು ಮಾತ್ರ ದರ ನೋಡಿ ತಿಂಗಳಿಗೊಂದು ಕಂಪನಿಯದಾಗಿ ಬದಲಿಸಬೇಡಿ. ಅದರ ಪ್ರಮಾಣ ಮೈಕ್ರೋಗ್ರಾಂ ಲೆಕ್ಕದ್ದು, ಕಂಪನಿ ಬದಲಿಸಿದರೆ ರಕ್ತ ಪರೀಕ್ಷೆ ಮತ್ತೆ ಮಾಡಿಸಬೇಕಾಗಬಹುದು, ಉಳಿಸಿದ್ದು ಲ್ಯಾಬಿಗೆ ಹೋಗುತ್ತದೆ.

ಇನ್ನೊಂದು, ಪಾಯಿಂಟ್ ಸಿಗಲೆಂದು ಮೂರು ತಿಂಗಳ ಮಾತ್ರೆಯನ್ನು ಒಟ್ಟಿಗೆ ತಂದಿಡುವುದಾದರೆ, ಮಾತ್ರೆಯ ಪಟ್ಟಿಯನ್ನು ಅಂಗಡಿಯವರು ಕತ್ತರಿಸಿ ಕೊಡುವಾಗ, ಅವಧಿ ಮುಗಿಯುವ ದಿನಾಂಕವಿರುವ ತುಂಡು ನಿಮ್ಮ ಕಡೆಗೇ ಬರುವಂತೆ ಕೇಳಿ ಪಡೆಯಿರಿ.